ನಿನ್ನೆಯ ಮೀನು

ಅಕ್ಕ ಹೊರಟೇಬಿಟ್ಟರು! ಐವತ್ತೈದು ದಾಟಿದ ಮೇಲೆ ನಮ್ಮ ಕಡೆಯ ಹೆಂಗಸರು ಕಾಶಿಗೋ ಮಗಳ ಬಾಣಂತನಕ್ಕೋ ಹೊರಡುವುದನ್ನು ಕಂಡಿದ್ದೇನೆ. ಅಕ್ಕ ಹೊರಟಿದ್ದು ಜಪಾನಿನ ನಾರಾ ಎಂಬ ಊರಿಗೆ, ಅಕ್ಷರ ತಿದ್ದಲು. ಕಳೆದ ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ ಅವರ ಸೂಟ್‌ಕೇಸು ಎಳೆದವನು ನಾನೇ. ಅದರೊಳಗೆ ಎರಡು ಸೀರೆ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ, ಉಳಿದದ್ದೆಲ್ಲ ಕಾಗದ. ಕುಂಚಗಳನ್ನು ಮಾತ್ರ ಪುಟ್ಟದೊಂದು ಬಿದಿರಿನ ಚಾಪೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡಿದ್ದರು. "ಕೊಡಿ ಅಕ್ಕಾ, ಅದನ್ನೂ ಹಿಡ್ಕೋತೀನಿ" ಎಂದರೆ, "ಬೇಡ ಮಾರಾಯ, ನೀನು ಇದನ್ನೂ ಮಿಮಿಕ್ರಿ ಮಾಡಿಬಿಡ್ತಿ" ಎಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಕೂಡದೆಂದು ಅವರದೇ ಅಪ್ಪಣೆ. ಕಾರಣ ಮುಂದೆ ಬರುತ್ತದೆ.

ನನ್ನ ವಿಷಯ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇನೆ. ಊರು ಮೈಸೂರು. ಹೊಟ್ಟೆಪಾಡಿಗೆ ಮೆನ್ಲೋ ಪಾರ್ಕಿನ ಒಂದು ಆಫೀಸಿನಲ್ಲಿ ಸರ್ಕ್ಯೂಟುಗಳನ್ನು ಪರೀಕ್ಷಿಸುತ್ತೇನೆ. ನಿಜವಾದ ಕಸುಬು ಜನರನ್ನು ಅಣಕಿಸುವುದು. ಕಂಡವರ ದನಿ, ನಡಿಗೆ, ಕೆಮ್ಮು, ಎಲ್ಲವೂ ನನಗೆ ಅಂಟಿಕೊಳ್ಳುತ್ತವೆ. ನನ್ನ ಸ್ವಂತ ದನಿ ಯಾವುದೆಂದು ಹೆತ್ತ ತಾಯಿಗೇ ಖಚಿತವಿಲ್ಲ. ಒಮ್ಮೆ ನಾನು ಫೋನು ಮಾಡಿದಾಗ ಅಪ್ಪನ ಆಫೀಸಿನವರಾರೋ ಎಂದುಕೊಂಡು, "ಅವರು ಮನೇಲಿಲ್ಲ, ಸಂಜೆ ಮಾಡಿ" ಎಂದು ಮರ್ಯಾದೆಯಿಂದ ಇಟ್ಟುಬಿಟ್ಟರು.

ಅಕ್ಕನ ಪರಿಚಯವಾದದ್ದು ನಮ್ಮ ಕನ್ನಡ ಕೂಟದ ಯುಗಾದಿಯಲ್ಲಿ. ಬಾಡಿಗೆಗೆ ಹಿಡಿದ ಒಂದು ಸ್ಕೂಲಿನ ಸಭಾಂಗಣ. ವೇದಿಕೆಯ ಮೇಲೆ ನಾನು ಅಧ್ಯಕ್ಷರ ವಂದನಾರ್ಪಣೆಯನ್ನು ಮಾಡಿದೆ, ಹೃದಯದ ಡಾಕ್ಟರೊಬ್ಬರು ಮಾತಾಡುತ್ತಲೇ ಎದುರಿನವರ ನಾಡಿ ಹಿಡಿಯುವುದನ್ನು ಮಾಡಿದೆ, ಮೈಸೂರಿನವರಾದ ನಾವು ಇನ್ನೊಂದು ಹೋಳಿಗೆ ಬೇಕಿದ್ದರೂ "ಅಯ್ಯೋ ಬೇಡಿ ಬೇಡಿ" ಎನ್ನುತ್ತಲೇ ತಟ್ಟೆ ಮುಂದಕ್ಕೆ ತಳ್ಳುವುದನ್ನೂ ಮಾಡಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ಊಟದ ಸಾಲಿನಲ್ಲಿ ಮೊಸರನ್ನಕ್ಕೆ ಕಾಯುತ್ತಿದ್ದಾಗ ಹಿಂದಿನಿಂದ ಯಾರೋ ಬೆನ್ನಿಗೆ ಒಂದು ಬೆರಳು ಚುಚ್ಚಿದರು. ತಿರುಗಿದರೆ ಕುಳ್ಳಗಿನ, ಮೂಗಿನ ತುದಿಗೆ ಕನ್ನಡಕ ಇಳಿದ ಹೆಂಗಸು.

"ನೀನು ಎಲ್ಲರನ್ನೂ ಮಾಡಿದಿ. ನನ್ನನ್ನು ಬಿಟ್ಟದ್ದು ಎಂಥಕ್ಕೆ? ನಾನು ಅಷ್ಟು ಸಪ್ಪೆಯಾ?"

"ಹಾಗಲ್ಲಕ್ಕಾ, ನಿಮ್ಮನ್ನ ನಾನು ಸರಿಯಾಗಿ ನೋಡೇ ಇಲ್ಲ."

"ಹಾಗಾದ್ರೆ ಶನಿವಾರ ಮನೆಗೆ ಬಾ, ನೋಡು. ನನಗೊಬ್ಬ ನಕಲು ಮಾಡುವವ ಬೇಕಿತ್ತು. ಊಟ ಉಂಟು."

ಕಡೆಯ ಎರಡು ಪದಗಳು ನನ್ನಂಥ ಬ್ರಹ್ಮಚಾರಿಗೆ ಸಾಕು. ಹೋದೆ.

ಅವರದು ಸ್ಯಾನ್ ಬ್ರೂನೋದ ದಿಣ್ಣೆಯ ಮೇಲಿನ ಮನೆ. ಕಾರು ಹೊರಗೆ ಮಂಜಿನಲ್ಲಿ ನೆನೆಯುತ್ತಿತ್ತು. ಗರಾಜಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಒಳಗೆ ಕಾಲಿಟ್ಟವನು ಬಾಯಿ ತೆರೆದು ನಿಂತೆ. ಗೋಡೆಯಿಂದ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ. ಹಗ್ಗದ ತುಂಬ ಕ್ಲಿಪ್ಪು ಹಾಕಿ ತೂಗುಬಿಟ್ಟ ಬಿಳಿಯ ಕಾಗದಗಳು. ಒಂದೊಂದು ಕಾಗದದ ಮೇಲೂ ಕಪ್ಪಗೆ ಒಂದೊಂದು ಮೀನು! ತಲೆ ಮೇಲೆ, ಬಾಲ ಕೆಳಗೆ, ಮೈಮೇಲೆ ಎರಡು ಅಡ್ಡಗೆರೆ. ಮಲ್ಪೆಯ ಹೆಂಗಸೊಬ್ಬರು ಕ್ಯಾಲಿಫೋರ್ನಿಯಾದ ಗರಾಜಿನಲ್ಲಿ ಒಣಮೀನಿನ ವ್ಯಾಪಾರಕ್ಕೆ ಇಳಿದ ಹಾಗಿತ್ತು.

"ಹೆದರಬೇಡ, ನಿನ್ನ ಜಾತಿ ಕೆಡುವುದಿಲ್ಲ. ಇದು ಅಕ್ಷರ" ಎಂದರು ಅಕ್ಕ.

ಆ ಶನಿವಾರ ನನಗೆ ಆದ ಪಾಠವನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಮೊದಲು ಅಂಗೈಯಗಲದ ಕಪ್ಪು ಕಲ್ಲಿನ ಮೇಲೆ ನೀರು ಹಾಕಿ ಶಾಯಿಯ ಕಡ್ಡಿಯನ್ನು ತೇಯ್ದರು, ಥೇಟ್ ನಮ್ಮಜ್ಜಿ ಗಂಧ ತೇಯುವ ಹಾಗೆ. ವಾಸನೆಯೂ ದೇವರ ಕೋಣೆಯದೇ. ಆಮೇಲೆ ಒಂದು ಜಪಾನಿ ಪೇಪರಿನಲ್ಲಿ ಈ ಕಾಲದ 'ಮೀನು' ಅಕ್ಷರವನ್ನು ತೋರಿಸಿದರು. ಕಿಟಕಿಯ ಸರಳುಗಳ ಹಾಗೆ ಚೌಕಚೌಕ. ಪಕ್ಕಕ್ಕೆ ಇನ್ನೊಂದು ಚಿತ್ರ ಇಟ್ಟರು. ಸಾವಿರಾರು ವರ್ಷಗಳ ಹಿಂದೆ ಚೀನಾದವರು ಆಮೆಯ ಚಿಪ್ಪಿನ ಮೇಲೆ, ಎತ್ತಿನ ಮೂಳೆಯ ಮೇಲೆ ಕೆತ್ತಿದ್ದ ಅದೇ ಅಕ್ಷರ.

"ಇದು ಅದರ ಮುತ್ತಜ್ಜಿ. ಆಗಿನವರಿಗೆ ಮೀನು ಅಂತ ಬರೀಬೇಕಾದ್ರೆ ಮೀನೇ ಕಣ್ಣೆದುರು ಬರಬೇಕಿತ್ತು. ಕುದುರೆ ಅಂದ್ರೆ ಕುದುರೆ, ಮಳೆ ಅಂದ್ರೆ ಮಳೆ. ಬರ್ತಾ ಬರ್ತಾ ಬರೆಯುವವರಿಗೆ ಅವಸರ ಆಯ್ತು, ಅಕ್ಷರಕ್ಕೆ ಮೂಳೆ ಮಾತ್ರ ಉಳೀತು. ಈಗ ಜಪಾನಿನಲ್ಲಿ ಕೆಲವರು ಆ ಮುತ್ತಜ್ಜಿಯನ್ನೇ ಕುಂಚದಲ್ಲಿ ಪುನಃ ಬರೀತಾರೆ. ಚಿತ್ರ ಬಿಡಿಸಿದ್ರೆ ಸೋತ ಹಾಗೆ, ಬರೀ ಅಕ್ಷರ ಬರೆದ್ರೂ ಸೋತ ಹಾಗೆ. ಎರಡರ ನಡುವೆ ಒಂದು ಸಣ್ಣ ಓಣಿ ಉಂಟು."

ಆ ಓಣಿಗೆ ಹೋಗುವ ದಾರಿಯೇ ನಕಲು! ಅದನ್ನು ಕೇಳಿ ನಾನು ಕುಣಿದಾಡಿದೆ. ಹುಟ್ಟಿದಾಗಿನಿಂದ ಮನೆಯವರು, ಮೇಷ್ಟ್ರುಗಳು ನನ್ನನ್ನು ಬೈದದ್ದೇ ಅದಕ್ಕೆ. ಇಲ್ಲಿ ಅದೇ ವಿದ್ಯೆ. ಹಳೆಯ ಬರಹವೊಂದನ್ನು ಮುಂದಿಟ್ಟುಕೊಂಡು ಮೊದಲು ಅದರ ಆಕಾರವನ್ನು ನಕಲು ಮಾಡಬೇಕು. ಕೈ ಪಳಗಿದ ಮೇಲೆ, ಬರೆದವನ ಮನಸ್ಸು ಹೇಗಿತ್ತೋ ಅದನ್ನು. ಕಡೆಗೆ ಮೂಲವನ್ನು ಬೆನ್ನ ಹಿಂದಕ್ಕೆ ಇಟ್ಟು, ನೋಡದೆ ಬರೆಯಬೇಕು. "ನಿಂದು ಇನ್ನೂ ಒಂದನೇ ಕ್ಲಾಸು. ಜನರ ಮೂಗು ಬಾಯಿ ಮಾತ್ರ ಮಾಡ್ತಿ" ಎಂದು ನನ್ನ ಕುಣಿತವನ್ನು ನಿಲ್ಲಿಸಿದರು. ಆ ದಿನ ನಾನು ಬರೆದ ಕುದುರೆಯನ್ನು ಕನ್ನಡಕದ ಮೇಲಿನಿಂದ ನೋಡಿ, "ಯಾರೋ ಲಾರಿ ಹತ್ತಿಸಿದ ಹಾಗುಂಟು, ಪಾಪ" ಎಂದರು. ಅವರ ಮಗಳು, ಹೈಸ್ಕೂಲಿನ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಇಂಗ್ಲಿಷು, ಬಾಗಿಲಿಗೆ ಒರಗಿ ನಿಂತು, "ಐ ಥಿಂಕ್ ಇಟ್ಸ್ ಕ್ಯೂಟ್, ಅಂಕಲ್" ಎಂದಳು. ಕುದುರೆ ಸತ್ತ ದುಃಖಕ್ಕಿಂತ ಇಪ್ಪತ್ತಾರರಲ್ಲಿ ಅಂಕಲ್ ಆದ ದುಃಖ ದೊಡ್ಡದಾಯಿತು.

ಅಕ್ಕ ಬದುಕಿಗಾಗಿ ಮಾಡುತ್ತಿದ್ದದ್ದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಸಂಶೋಧನೆ. ದೊಡ್ಡ ಓದು, ದೊಡ್ಡ ಕೆಲಸ. ಏನು ಕೆಲಸ ಅಕ್ಕಾ ಎಂದರೆ ಹೇಳುತ್ತಿದ್ದದ್ದು ಇಷ್ಟೇ: "ಒಂದು ಕುಪ್ಪಿಯಿಂದ ಇನ್ನೊಂದು ಕುಪ್ಪಿಗೆ ಹನಿ ಹನಿ ಹಾಕುವುದು. ಅದಕ್ಕೇ ಡಾಕ್ಟರೇಟ್ ಕೊಟ್ಟದ್ದು." ಹನಿ ಹಾಕುವ ಆ ಉಪಕರಣದ ಹೆಸರು ಪಿಪೆಟ್ಟು. ದಪ್ಪನೆಯ ಪೆನ್ನಿನಂತಿರುತ್ತದೆ, ನೆತ್ತಿಯ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅಳತೆಯ ಹನಿ ಬೀಳುತ್ತದೆ. ಆ ಅಳತೆ ಮನೆಗೂ ಬಂದಿತ್ತು. ಸಾರಿಗೆ ಹುಣಸೆರಸ ಬಿಡುವಾಗ ಅಕ್ಕ ಉಸಿರು ಹಿಡಿಯುತ್ತಿದ್ದರು. ಫ್ರೀವೇಯಲ್ಲಿ ನಡುವಿನ ಲೇನು, ಬೋರ್ಡಿನಲ್ಲಿ ಬರೆದಷ್ಟೇ ವೇಗ. ಹಿಂದಿನವರೆಲ್ಲ ಹಾರ್ನು ಹೊಡೆದರೆ, "ಅವರ ಮನೆಗೆ ಬೆಂಕಿ ಬಿದ್ದಿರಬೇಕು, ಹೋಗ್ಲಿ" ಎನ್ನುವುದು.

ಇಷ್ಟು ಅಳತೆಯ ಅಕ್ಕನಿಗೆ ಒಂದೇ ಒಂದು ಕೊರಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಜಪಾನ್ ಟೌನಿನಲ್ಲಿ ಅವರಿಗೆ ಈ ಬರಹ ಕಲಿಸುತ್ತಿದ್ದ ಗುರುಗಳನ್ನು ಎಲ್ಲರೂ ಸೆನ್ಸೇ ಎನ್ನುತ್ತಿದ್ದರು. ಅಂದರೆ ಮೇಷ್ಟ್ರು, ಆದರೆ ಇವರು ಹಿಡಿಯಷ್ಟಿದ್ದ ಒಬ್ಬ ಮುದುಕಿ. ಅವರಲ್ಲಿ ಒಂದು ಪದ್ಧತಿ. ಶಿಷ್ಯರ ಕೈಗೆ ಜೀವ ಬಂತೆಂದು ತೋರಿದ ದಿನ ಗುರುವೇ ಅವರಿಗೆ ಬರಹಗಾರರಾಗಿ ಒಂದು ಹೊಸ ಹೆಸರು ಕೊಡುತ್ತಾರೆ. ಆ ಹೆಸರನ್ನು ಕಲ್ಲಿನ ಮುದ್ರೆಯಲ್ಲಿ ಕೊರೆಸಿ, ಬರೆದದ್ದರ ಮೂಲೆಯಲ್ಲಿ ಕೆಂಪಗೆ ಒತ್ತಬಹುದು. ಮುದ್ರೆಯಿಲ್ಲದ ಬರಹ ಸೆನ್ಸೇ ನಡೆಸುವ ವಸಂತದ ಪ್ರದರ್ಶನದ ಗೋಡೆ ಹತ್ತುವುದಿಲ್ಲ. ಅಕ್ಕನ ನಂತರ ಬಂದು ಸೇರಿದವರಿಗೆಲ್ಲ ಹೆಸರು ಸಿಕ್ಕಿತ್ತು. ಅಕ್ಕನಿಗೆ ಇಲ್ಲ. ಅದರ ಮೇಲೆ ಸೆನ್ಸೇ ಘೋಷಿಸಿಬಿಟ್ಟರು: ಬರುವ ವಸಂತದ ಪ್ರದರ್ಶನವೇ ಕೊನೆ, ಆಮೇಲೆ ತವರೂರು ನಾರಾಕ್ಕೆ ವಾಪಸು.

"ಹದಿನಾಲ್ಕರ ಪೋರನಿಗೂ ಹೆಸರುಂಟು. ನಾನು ಇಷ್ಟು ವರ್ಷ ಮೊಣಕಾಲು ಸವೆಸಿ ಅನಾಮಿಕಳಾಗಿ ಹೋಗಬೇಕಾ?" ಎಂದು ಅಕ್ಕ ಕೇಳಿದಾಗ ನಾನು ತಮಾಷೆ ಮಾಡಲಿಲ್ಲ. ನಾನು ತಮಾಷೆ ಮಾಡಲಿಲ್ಲ ಎಂದರೆ ವಿಷಯ ಎಷ್ಟು ಗಂಭೀರವೋ ನೀವೇ ಊಹಿಸಿ.

ಒಂದು ಶನಿವಾರ ಅವರ ಜೊತೆ ನಾನೂ ಆ ಕ್ಲಾಸಿಗೆ ಹೋದೆ. ಸೆನ್ಸೇ ಗಿಡ್ಡ ಮೇಜಿನ ಹಿಂದೆ ಕೂತಿದ್ದರು. ಮಾತು ಕಡಿಮೆ, ತಪ್ಪು ಕಂಡಲ್ಲಿ ಕುಂಕುಮದ ಬಣ್ಣದ ಶಾಯಿಯಿಂದ ಚುಕ್ಕಿ ಇಡುತ್ತಾರೆ, ಅಷ್ಟೆ. ಅಕ್ಕನ ಮೀನನ್ನು ಬಹಳ ಹೊತ್ತು ನೋಡಿದರು. ಪ್ರತಿ ಗೆರೆಯ ತುದಿಗೂ ಒಂದೊಂದು ಕೆಂಪು ಚುಕ್ಕಿ ಬಿತ್ತು. ಆಮೇಲೆ ತಮ್ಮ ಮುರುಕು ಇಂಗ್ಲಿಷಿನಲ್ಲಿ ಎರಡೇ ಪದ: "ಎಸ್ಟರ್‌ಡೇ ಫಿಶ್." ನಿನ್ನೆಯ ಮೀನು!

ವಾಪಸು ಬರುವಾಗ ಒನ್ ಓ ಒನ್ ಫ್ರೀವೇ ಹಿಡಿದೆವು. ಏರ್‌ಪೋರ್ಟಿನ ದೀಪಗಳು ಕಂಡಾಗ ಅಕ್ಕ ಸಿಡಿದರು.

"ನಿನ್ನೆಯದಂತೆ! ನನಗೆ! ನಾನು ಮಲ್ಪೆಯವಳು ಮಾರಾಯ! ಬಂದರಿನಲ್ಲಿ ಕಿವಿರು ಎತ್ತಿ ನೋಡಿ, ಇದು ಬೆಳಿಗ್ಗೆಯದ್ದು, ಇದು ಮಂಜುಗಡ್ಡೆಯದ್ದು ಅಂತ ಹೇಳ್ತಿದ್ದವಳು! ನನಗೆ ಮೀನು ಹೇಳಿಕೊಡ್ಲಿಕ್ಕೆ ಬಂದ್ರು!"

"ಬಿಡಿ ಅಕ್ಕಾ, ಅವರಿಗೆ ವಯಸ್ಸಾಗಿದೆ" ಎಂದೆ.

ಎರಡು ಎಕ್ಸಿಟ್ಟು ದಾಟಿದ ಮೇಲೆ ಸಣ್ಣ ದನಿಯಲ್ಲಿ ಅಂದರು: "ಆದ್ರೆ ಸರಿಯೇ ಹೇಳಿದ್ರು. ಕಣ್ಣು ಉಂಟು, ಬಾಲ ಉಂಟು. ಜೀವ ಹೋಗಿ ಒಂದು ದಿನ ಆಗಿದೆ. ಬರೆಯುವಾಗ ಅದು ಎಲ್ಲಿ ಹೋಗ್ತದೆ ಅಂತಲೇ ಗೊತ್ತಾಗುದಿಲ್ಲ."

ಮುಂದಿನ ಶನಿವಾರ ಗರಾಜಿನಲ್ಲಿ ಹಗ್ಗ ಜೋತುಬಿದ್ದಿತ್ತು. ನೆಲದ ಮೇಲೂ ಮೀನು, ವಾಷಿಂಗ್ ಮಷೀನಿನ ಮೇಲೂ ಮೀನು. ಅಕ್ಕ ಹಳೆಯ ಲ್ಯಾಬ್ ಕೋಟನ್ನೇ ಏಪ್ರನ್ ಮಾಡಿಕೊಂಡು ನಡುವೆ ಕೂತಿದ್ದರು. ನನ್ನನ್ನು ಕಂಡವರೇ ಕೋಟು ಬಿಚ್ಚಿ ನನ್ನತ್ತ ಎಸೆದರು.

"ಹಾಕಿಕೋ. ಕೂಟದಲ್ಲಿ ನನ್ನ ಬೆನ್ನ ಹಿಂದೆ ನನ್ನನ್ನು ಮಾಡ್ತಿ ಅಂತ ನನಗೆ ಗೊತ್ತುಂಟು. ಈಗ ಎದುರಿಗೆ ಮಾಡು. ನಾನು ಬರೆಯುವುದನ್ನು ಮಾಡಿ ತೋರಿಸು, ನೋಡುವಾ."

"ಅಯ್ಯಯ್ಯೋ, ನಾನು ಯಾವತ್ತೂ..."

"ಸಾಕು ನಿನ್ನ ನಾಟಕ. ಊಟ ಬೇಕಾ ಬೇಡವಾ?"

ಕೋಟು ಹಾಕಿಕೊಂಡೆ. ಒಣ ಕುಂಚ ಹಿಡಿದೆ. ಮಗಳು ಕಾಲೇಜು ಅರ್ಜಿಗಳನ್ನು ಬದಿಗಿಟ್ಟು ಓಡಿಬಂದು ಮೆಟ್ಟಿಲ ಮೇಲೆ ಕೂತಳು. ಮೊದಲು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. ಎಡ ಮೊಣಕಾಲನ್ನು, ಅವರ ಹಾಗೆಯೇ ತುಳುವಿನಲ್ಲಿ "ದೇವೆರೇ" ಎನ್ನುತ್ತ ಮಡಚಿದೆ. ಕಾಗದವನ್ನು ಬಾಡಿಗೆದಾರನನ್ನು ನೋಡುವ ಹಾಗೆ ಮೇಲಿನಿಂದ ಕೆಳಗೆ ನೋಡಿದೆ. ಎರಡೂ ಕೆನ್ನೆಗಳಲ್ಲಿ ಉಸಿರು ತುಂಬಿಕೊಂಡೆ. ಅಕ್ಕ ಹೊಟ್ಟೆ ಹಿಡಿದು ನಗತೊಡಗಿದರು. "ಹೌದು ಮಾರಾಯ, ಇದು ನಾನೇ, ನಾನೇ!" ಹುರುಪೇರಿ ಗೆರೆ ಎಳೆದೆ. ಒಂದು, ಎರಡು, ಮೂರು...

"ನಿಲ್ಲು."

ನಗು ಎಲ್ಲೋ ಹೋಗಿತ್ತು.

"ಪುನಃ ಮಾಡು. ಗೆರೆಯ ಕೊನೆ ಮಾತ್ರ."

ಮಾಡಿದೆ.

"ಆ ಹೆಬ್ಬೆರಳು ಎಂಥ ಮಾಡಿತು?"

"ಏನು ಮಾಡ್ತಕ್ಕಾ? ನಾನೇನೂ ಮಾಡಿಲ್ಲ. ನೀವು ಮಾಡೋದನ್ನೇ ಮಾಡ್ದೆ." ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಅಂಟಿಕೊಂಡದ್ದೆಲ್ಲ ನನ್ನ ಬುದ್ಧಿಗೆ ತಿಳಿದೇ ಅಂಟಿಕೊಂಡಿರುವುದಿಲ್ಲ. ಈಗ ನನ್ನ ಕೈಯನ್ನು ನಾನೇ ನೋಡಿಕೊಂಡೆ. ಗೆರೆ ಮುಗಿಯುವ ಹೊತ್ತಿಗೆ ಹೆಬ್ಬೆರಳು ಒಮ್ಮೆ ನೆಟ್ಟಗೆ ಎದ್ದು, ಕುಂಚದ ಮೇಲೆ ಟಕ್ಕನೆ ಒತ್ತಿ, ಮತ್ತೆ ಕೂರುತ್ತಿತ್ತು.

"ಯೂ ಆಲ್ವೇಸ್ ಡೂ ದಟ್, ಅಮ್ಮಾ" ಎಂದಳು ಮಗಳು. "ಈವನ್ ವಿತ್ ಟೂತ್‌ಪೇಸ್ಟ್."

ಅಕ್ಕ ತಮ್ಮ ಬಲಗೈ ಹೆಬ್ಬೆರಳನ್ನು, ಇಷ್ಟು ದಿನ ಮನೆಯಲ್ಲೇ ಉಂಡುಕೊಂಡಿದ್ದ ಕಳ್ಳನನ್ನು ನೋಡುವ ಹಾಗೆ ನೋಡಿದರು. "ಪಿಪೆಟ್ಟು" ಎಂದರು. ಆಮೇಲೆ ಜೋರಾಗಿ, "ಪಿಪೆಟ್ಟು ಮಾರಾಯ! ಕೊನೆಯ ಹನಿ ಒತ್ತಿ ಬಿಡ್ತಾ ಇದ್ದೇನೆ! ಇಷ್ಟು ವರ್ಷ ಮೀನಿನ ಬಾಲದಲ್ಲಿ ಹನಿ ಬಿಡ್ತಾ ಇದ್ದೇನೆ!"

ಎದ್ದು ಹಗ್ಗದಿಂದ ಕಾಗದಗಳನ್ನು ಕಿತ್ತು ಕಿತ್ತು ನೋಡಿದರು. ಸೆನ್ಸೇ ಇಟ್ಟ ಕೆಂಪು ಚುಕ್ಕಿಗಳೆಲ್ಲ ಅಲ್ಲಲ್ಲೇ ಇದ್ದವು, ಗೆರೆ ಮುಗಿಯುವ ಕಡೆಯೇ, ಆ ಮೊಂಡು ತುದಿಗಳ ಮೇಲೆಯೇ. "ಬಾಯಿಬಿಟ್ಟು ಹೇಳಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಬೈದರು, ನಕ್ಕರು, ಮತ್ತೆ ಬೈದರು. ಆ ದಿನ ನನಗೆ ಬಡಿಸಿದ ಪಾಯಸಕ್ಕೆ ಅಳತೆಯೇ ಇರಲಿಲ್ಲ.

ಆದರೆ ಕಳ್ಳ ಸಿಕ್ಕಿಬಿದ್ದ ಮಾತ್ರಕ್ಕೆ ಕಳ್ಳತನ ನಿಲ್ಲುತ್ತದೆಯೇ? ವಾರವೆಲ್ಲ ಲ್ಯಾಬಿನಲ್ಲಿ ಒತ್ತು ಒತ್ತು ಎಂದ ಬೆರಳಿಗೆ ಶನಿವಾರ ಒತ್ತಬೇಡ ಎಂದರೆ ಅದು ಯಾರ ಮಾತು ಕೇಳಬೇಕು? ಅಕ್ಕ ಒಂದು ಉಪಾಯ ಕಂಡುಕೊಂಡರು. ಹೆಬ್ಬೆರಳಿಗೂ ಕುಂಚಕ್ಕೂ ನಡುವೆ ಒಂದು ಉದ್ದಿನ ಕಾಳು. ಬೆರಳು ಎದ್ದರೆ ಕಾಳು ನೆಲಕ್ಕೆ. ಅಡುಗೆಮನೆಯಲ್ಲಿದ್ದ ನಮಗೆ ಗರಾಜಿನಿಂದ ಟಕ್, ಟಕ್ ಎಂದು ಕೇಳುತ್ತಿತ್ತು, ಹಿಂದೆಯೇ ತುಳುವಿನಲ್ಲಿ ಒಂದು ಬೈಗುಳ. ಕಡೆಗೆ ಲ್ಯಾಬಿಗೆ ರಜೆಯನ್ನೇ ಹಾಕಿದರು. ಬಾಸು ಫೋನು ಮಾಡಿ ಏನಾಗಿದೆ ಎಂದು ಕೇಳಿದರೆ, "ಹೆಬ್ಬೆರಳಿಗೆ ಸ್ವಲ್ಪ ಹುಷಾರಿಲ್ಲ" ಎಂದರಂತೆ. ಪಾಪ, ಆತ ಹೂಗುಚ್ಛ ಕಳಿಸಿದ.

ಪ್ರದರ್ಶನಕ್ಕೆ ಬರಹ ಆರಿಸುವ ದಿನ ಸೆನ್ಸೇ ಮುಂದೆಯೇ ಬರೆಯಬೇಕು. ಒಬ್ಬರಿಗೆ ಒಂದೇ ಕಾಗದ. ಬರೆದದ್ದನ್ನು ತಿದ್ದುವಂತಿಲ್ಲ, ಗೆರೆಯ ಮೇಲೆ ಗೆರೆ ಎಳೆಯುವಂತಿಲ್ಲ. ಶಾಯಿಯ ಕಲ್ಲು ಹೊರುವ ನೆಪದಲ್ಲಿ ನಾನೂ ಒಳಗೆ ನುಗ್ಗಿದೆ. ಅಕ್ಕನ ಸರದಿ ಬಂತು. ಮೊಣಕಾಲು ಮಡಚಿದರು, "ದೇವೆರೇ" ಎನ್ನಲಿಲ್ಲ. ಕೆನ್ನೆ ಉಬ್ಬಲಿಲ್ಲ. ನನ್ನ ಕಣ್ಣು ಹೆಬ್ಬೆರಳಿಗೇ ನೆಟ್ಟಿತ್ತು. ತಲೆಯ ಗೆರೆ ಬಂತು, ಬೆರಳು ಏಳಲಿಲ್ಲ. ಬೆನ್ನು ಬಂತು, ಏಳಲಿಲ್ಲ. ಮೈಮೇಲಿನ ಅಡ್ಡಗೆರೆಗಳಲ್ಲಿ ಒಂದು ಕಡೆ ಸ್ವಲ್ಪ ಮಿಸುಕಿತು, ಆದರೆ ಕೂತಲ್ಲೇ ಕೂತಿತು. ಉಳಿದದ್ದು ಬಾಲ. ಕುಂಚದಲ್ಲಿ ಶಾಯಿ ಮುಗಿಯುತ್ತ ಬಂದಿತ್ತು. ಹಳೆಯ ಅಕ್ಕನಾಗಿದ್ದರೆ ಅಲ್ಲಿ ಒತ್ತಿ ನಿಲ್ಲಿಸುತ್ತಿದ್ದರು. ಈ ಅಕ್ಕ ಕೈಯನ್ನು ಹೋಗಬಿಟ್ಟರು. ಕುಂಚ ಕಾಗದ ದಾಟಿ ಗಾಳಿಗೆ ಹಾರಿತು. ಒಣಗಿದ ಕೂದಲ ಸೀಳುಗಳ ನಡುವೆ ಕಾಗದದ ಬಿಳುಪು ನೀರಿನ ಹಾಗೆ ಹೊಳೆಯಿತು. ನಾನು ಸಸ್ಯಾಹಾರಿ. ಆದರೂ ಪ್ರಮಾಣ ಮಾಡಿ ಹೇಳುತ್ತೇನೆ, ಆ ಬಾಲ ಬಡಿಯಿತು!

ಸೆನ್ಸೇ ನೋಡಿದರು. ಕೆಂಪು ಶಾಯಿಯ ಬಟ್ಟಲ ಕಡೆ ಅವರ ಕೈ ಹೋದಾಗ ಅಕ್ಕ ಕಣ್ಣು ಮುಚ್ಚಿಕೊಂಡರು. ಮುದುಕಿ ಬಟ್ಟಲಿಗೆ ಮುಚ್ಚಳ ಹಾಕಿದರು. ಇನ್ನೊಂದು ಸಣ್ಣ ಕುಂಚ ತೆಗೆದು ಪುಟ್ಟ ಚೀಟಿಯ ಮೇಲೆ ಕಪ್ಪಗೆ ಎರಡು ಅಕ್ಷರ ಬರೆದು, ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟರು.

ಹೆಸರು!

ಕಾರಿನಲ್ಲಿ ಕೇಳಿದೆ. "ಏನಕ್ಕಾ ಅದು? ಅರ್ಥ ಏನು? ನನ್ನ ಹೆಬ್ಬೆರಳಿನ ಪಾಲು ಎಲ್ಲಿ?"

"ಹೇಳುದಿಲ್ಲ. ಸೆನ್ಸೇ ಕೊಟ್ಟ ಹೆಸರೂ ಇಲ್ಲ, ಅಪ್ಪ ಅಮ್ಮ ಇಟ್ಟ ಹೆಸರೂ ಇಲ್ಲ. ನೀನು ಎಲ್ಲಿಯಾದ್ರೂ ಬರೆಯುವವ. ಹೆಸರು ಹೇಳಿದ್ರೆ ಜನ ಮೀನು ಬಿಟ್ಟು ನನ್ನನ್ನು ನೋಡ್ತಾರೆ" ಎಂದವರು ಆ ದಿನ ಫ್ರೀವೇಯಲ್ಲಿ ಮೊದಲ ಬಾರಿಗೆ, ಅವಸರದವರು ಓಡಿಸುವ ಎಡಗಡೆಯ ಲೇನಿಗೆ ಕಾರು ಹಾಕಿದರು. ನಾನು ಸೀಟು ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿಕೊಂಡೆ.

ಮೀನು ಗೋಡೆ ಹತ್ತಿತು. ಸೆನ್ಸೇ ನಾರಾಕ್ಕೆ ಹೋದರು. ಮಗಳು ಕಾಲೇಜಿಗೆ ಹೊರಟ ಬೇಸಿಗೆಯಲ್ಲಿ ಅಕ್ಕ ಲ್ಯಾಬಿಗೆ ರಾಜೀನಾಮೆ ಕೊಟ್ಟು, ಗುರುವಿನ ಹಿಂದೆ ಹೋಗುತ್ತೇನೆಂದು ಎಲ್ಲರ ಮುಂದೆ ಸಾರಿದರು. ಅವರ ಯಜಮಾನರು, ಮಾತಿಗಿಂತ ತೂಕಡಿಕೆಯನ್ನೇ ಹೆಚ್ಚು ನೆಚ್ಚಿದ ಅರಿವಳಿಕೆಯ ಡಾಕ್ಟರು, ಸೋಫಾದಿಂದಲೇ, "ಹೋಗಿ ಬಾ, ನನಗೆ ಅನ್ನ ಮಾಡ್ಲಿಕ್ಕೆ ಬರ್ತದೆ" ಎಂದರು. ಲ್ಯಾಬಿನವರು ಬೀಳ್ಕೊಡುಗೆಗೆ ಚಿನ್ನದ ಬಣ್ಣ ಬಳಿದ ಪಿಪೆಟ್ಟೊಂದನ್ನು ಮರದ ಹಲಗೆಗೆ ಕೂರಿಸಿ ಕೊಟ್ಟರು. ಅಕ್ಕ ಅದನ್ನು ನೇರವಾಗಿ ನನ್ನ ಕೈಗೆ ದಾಟಿಸಿದರು: "ತಗೋ ಮಾರಾಯ. ಮನೆಯಲ್ಲಿದ್ರೆ ನನ್ನ ಬೆರಳು ಪುನಃ ಹಾಳಾದೀತು." ಅದೀಗ ನನ್ನ ಟಿವಿಯ ಮೇಲಿದೆ. ಆಫೀಸಿನವರ ಫೋನು ಬಂದಾಗಲೆಲ್ಲ ನನಗೇ ಗೊತ್ತಿಲ್ಲದೆ ಒಮ್ಮೆ ಒತ್ತಿರುತ್ತೇನೆ.

ಹೊರಡುವ ಹಿಂದಿನ ದಿನ ಕೂಟದವರು ಅದೇ ಸ್ಕೂಲಿನ ಸಭಾಂಗಣದಲ್ಲಿ ಅವರಿಗೊಂದು ಊಟ ಇಟ್ಟುಕೊಂಡಿದ್ದರು. ಎಲ್ಲರೂ ಕೂಗಿದರು: "ಅಕ್ಕನ್ನ ಮಾಡೋ!" ನಾನು ವೇದಿಕೆ ಹತ್ತಿ ಕನ್ನಡಕ ಇಳಿಸಿದೆ, ಕೆನ್ನೆ ಉಬ್ಬಿಸಿದೆ, ಹೆಬ್ಬೆರಳು ಎತ್ತಿ ಟಕ್ಕನೆ ಒತ್ತಿದೆ. ಸೂರು ಹಾರಿಹೋಗುವಷ್ಟು ಸಭೆ ನಕ್ಕಿತು. ಹಿಂದಿನ ಸಾಲಿನಿಂದ ಅಕ್ಕನ ದನಿ:

"ಅದು ಹಳೆಯವಳು ಮಾರಾಯ. ಈಗಿನವಳನ್ನು ಮಾಡು!"

ಸಿಕ್ಕಿಬಿದ್ದೆ. ಕೆನ್ನೆ ಇಲ್ಲ, "ದೇವೆರೇ" ಇಲ್ಲ, ಹೆಬ್ಬೆರಳೂ ಇಲ್ಲ. ಹಿಡಿಯುವುದಕ್ಕೆ ಒಂದು ಹಿಡಿಕೆಯನ್ನೂ ಬಿಡದೆ ಹೊರಟಿದ್ದರು ಈ ಹೆಂಗಸು. ಅವರನ್ನು ನೋಡುತ್ತ ನಿಂತರೆ ಏನೂ ಹುಟ್ಟಲಿಲ್ಲ. ಕಡೆಗೆ ಸಭೆಗೇ ಬೆನ್ನು ತಿರುಗಿಸಿದೆ. ಗಾಳಿಯಲ್ಲಿ, ಇಲ್ಲದ ಕುಂಚದಿಂದ, ಒಂದು ತಲೆ, ಒಂದು ಬೆನ್ನು, ಎರಡು ಅಡ್ಡಗೆರೆ ಎಳೆದೆ. ಬಾಲದ ಹೊತ್ತಿಗೆ ಕೈಯನ್ನು ಹೋಗಬಿಟ್ಟೆ.

ತಿರುಗಿ ನೋಡಿದರೆ ಯಾರೂ ನಗುತ್ತಿರಲಿಲ್ಲ. ಮುಗಿಯಿತೋ ಇಲ್ಲವೋ ಎಂದು ಅಧ್ಯಕ್ಷರು ಮೈಕಿನ ಕಡೆ ನೋಡಿದರು. ನನ್ನ ಜೀವಮಾನದಲ್ಲೇ ಹೀಗೆ ನೆಲಕಚ್ಚಿದ ಮಿಮಿಕ್ರಿ ಇನ್ನೊಂದಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಎದ್ದು ನಿಂತು, ಎರಡೂ ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು.